ಸೆನೆಟ್‌ಗೆ ಕೊಟ್ಟ ಮನವಿ: "ಸ್ವೀಕರಿಸಿ ಕಡತಕ್ಕೆ ಸೇರಿಸಲಾಯಿತು" ಅಂದರೆ ಕಥೆ ಮುಗೀತಾ?

ಸಹಿಸಂಗ್ರಹ
ಅಮೆರಿಕದ ಫ್ಯಾಕಲ್ಟಿ ಸೆನೆಟ್‌ಗಳ (ಅಧ್ಯಾಪಕರು ಆರಿಸಿದ ಪ್ರತಿನಿಧಿ ಸಭೆಗಳ) ಒಳಹೊರಗು ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಹೀಗೆ ಅಂದುಕೊಳ್ಳಿ: ಒಂದು ಸರ್ಕಾರಿ ವಿಶ್ವವಿದ್ಯಾಲಯ, ಅಲ್ಲೊಂದು ಚಿಕ್ಕ ಭಾಷಾ ವಿಭಾಗ. ಅದನ್ನು ಪಕ್ಕದ ದೊಡ್ಡ ವಿಭಾಗಕ್ಕೆ ವಿಲೀನ ಮಾಡೋ ಪ್ರಸ್ತಾವ ಬಂದಿದೆ. ವಿರೋಧಿಸಿ 140 ಅಧ್ಯಾಪಕರು ಸಹಿ ಹಾಕಿದ ಮನವಿ ಸೆನೆಟ್ ಕಚೇರಿಗೆ ಹೋಗುತ್ತೆ. ಮುಂದಿನ ಸಭೆಯ ನಡಾವಳಿ ತೆಗೆದು ನೋಡಿದರೆ ಒಂದೇ ಸಾಲು: "ಮನವಿಯನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಲಾಯಿತು." ಚರ್ಚೆ ಇಲ್ಲ, ಮತ ಇಲ್ಲ.

140 ಸಹಿಗೆ ಇಷ್ಟೇನಾ ಬೆಲೆ? ಚರ್ಚಿಸಲೇಬೇಕು ಅಂತ ಸೆನೆಟ್ಟನ್ನು ಕಟ್ಟಿಹಾಕೋ ದಾರಿ ಏನು? ಮತ ಹಾಕಿದರೂ ಆಡಳಿತ ಅದನ್ನು ಕೇಳಲೇಬೇಕು ಅಂತ ಇದೆಯಾ?

ಕೋರಂ ಕೊರತೆ
ಕಡತಕ್ಕೆ ಸೇರಿತು ಅಂದ್ರೆ ಅಟ್ಟಕ್ಕೆ ಸೇರಿತು ಅಂತ ಅರ್ಥ.

ಮಿಡ್‌ವೆಸ್ಟ್ ಮಂಜು
ಸಹಿಗೆ ಬೆಲೆ ಇಲ್ಲ ಅಂತಲ್ಲ, ಕಾಗದ ತಪ್ಪು ಬಾಗಿಲಲ್ಲಿ ಹೋಗಿದೆ. ಸೆನೆಟ್ ಅನ್ನೋದು ಅಹವಾಲು ಕೇಳೋ ಕಚೇರಿ ಅಲ್ಲ, ಗೊತ್ತುವಳಿ ಮೇಲೆ ಮತ ಹಾಕೋ ಸಭೆ. ಮನವಿ ಎಷ್ಟೇ ದಪ್ಪ ಇರಲಿ, ಒಬ್ಬ ಸೆನೆಟರ್ ಎದ್ದು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಅಧ್ಯಕ್ಷರು ಅದನ್ನು ಸಭೆಗೆ ಓದಿ ಹೇಳಬೇಕು. ಈ ಮೂರೂ ಆಗೋ ತನಕ ಸಭೆಯ ಮುಂದೆ ಏನೂ ಇಲ್ಲ. ಆಗ ಕಾರ್ಯದರ್ಶಿ ಬರೆಯೋದಕ್ಕೆ ಉಳಿಯೋ ವಾಕ್ಯ ಅದೊಂದೇ, "ಸ್ವೀಕರಿಸಿ ಕಡತಕ್ಕೆ". ಅದರಲ್ಲಿ ಪಿತೂರಿ ಹುಡುಕಬೇಡಿ.

ಬಹುಪಾಲು ಸೆನೆಟ್‌ಗಳು ರಾಬರ್ಟ್ಸ್ ರೂಲ್ಸ್ ಪಾಲಿಸುತ್ತವೆ. ಹೆನ್ರಿ ಮಾರ್ಟಿನ್ ರಾಬರ್ಟ್ ಅನ್ನೋ ಸೇನಾ ಎಂಜಿನಿಯರ್ 1876ರಲ್ಲಿ ತಂದ, ಸಭೆ ನಡೆಸೋ ನಿಯಮಗಳ ಪುಸ್ತಕ, ಈಗ ಚಾಲ್ತಿಯಲ್ಲಿರೋದು 2020ರ 12ನೇ ಆವೃತ್ತಿ. ಆದರೆ ಸೆನೆಟ್‌ನ ಸ್ವಂತ ಬೈಲಾದಲ್ಲಿ ಬೇರೆ ಏನಾದರೂ ಇದ್ದರೆ ಅದೇ ಮೇಲು. ಹಾಗಾಗಿ ಮೊದಲು ಬೈಲಾ ತೆಗೆದು "ಮನವಿ" ಅನ್ನೋ ಪದ ಎಲ್ಲೆಲ್ಲಿದೆ ನೋಡಿ. ಕೆಲವು ಕಡೆ ಇಂತಿಷ್ಟು ಸಹಿ ಇದ್ದರೆ ವಿಷಯ ಕಾರ್ಯಸೂಚಿಗೆ ಬರಲೇಬೇಕು ಅಂತಿರುತ್ತೆ. ಕೆಲವು ಕಡೆ ಇಂತಿಷ್ಟು ಸಹಿಗೆ ಇಡೀ ಅಧ್ಯಾಪಕವೃಂದದ ವಿಶೇಷ ಸಭೆ ಕರೆಯಬೇಕು. ಇನ್ನು ಕೆಲವು ಕಡೆ ಸೆನೆಟ್ ಆಗಲೇ ತಗೊಂಡ ತೀರ್ಮಾನವನ್ನೇ ಎಲ್ಲ ಅಧ್ಯಾಪಕರ ಮತಕ್ಕೆ ಹಾಕಿಸಬಹುದು. ಮೂರೂ ಬೇರೆ ಬೇರೆ ಅಸ್ತ್ರ. ಯಾವ ಕಲಂ ಕೆಳಗೆ ಕೊಡ್ತಿದ್ದೀವಿ ಅಂತ ಮನವಿಯ ಮೊದಲ ಸಾಲಲ್ಲೇ ಬರೆಯದಿದ್ದರೆ, ಯಾವುದಕ್ಕೂ ಸೇರದ ಕಾಗದ ಅಂತ ಪಕ್ಕಕ್ಕಿಡ್ತಾರೆ.

ಧಾರವಾಡ ಫೇಡೆ
ಗೊತ್ತುವಳಿ ಅಲ್ರೀ, ಠರಾವು ಅನ್ರಿ. ನಮ್ಮ ಕಡೆ ಪಂಚಾಯ್ತಿಯಿಂದ ಯೂನಿವರ್ಸಿಟಿ ತನಕ ಠರಾವೇ.

ಹಳೇ ಮೈಸೂರು
@ಧಾರವಾಡ ಫೇಡೆ ಸಭೆ ಪಾಸು ಮಾಡೋಕೆ ಮುಂಚೆ ಗೊತ್ತುವಳಿ, ಮಾಡಿದ ಮೇಲೆ ನಿರ್ಣಯ. ನಿಮ್ಮ ಠರಾವಿನಲ್ಲಿ ಎರಡೂ ಒಂದೇ ಆಗೋಯ್ತಲ್ಲ ಸ್ವಾಮಿ.

ಧಾರವಾಡ ಫೇಡೆ
ಅದಕ್ಕ ನಾವು ಠರಾವು ಮಂಡಿಸೋದು, ಠರಾವು ಪಾಸ್ ಮಾಡೋದು ಅಂತೀವಿ. ತಿಳೀತದ ಬಿಡ್ರಿ.

ಪಾಯಿಂಟ್ ಆಫ್ ಆರ್ಡರ್
ಮಂಜು ಹೇಳಿದ್ದು ಸರಿ, ಆದರೆ ಕಾರ್ಯಸೂಚಿ ಯಾರ ಕೈಲಿದೆ ಅನ್ನೋದು ಬಿಟ್ಟುಹೋಯ್ತು. ಸೆನೆಟ್‌ನ ಕಾರ್ಯಕಾರಿ ಸಮಿತಿ (ಕೆಲವು ಕಡೆ ಸ್ಟೀರಿಂಗ್ ಕಮಿಟಿ ಅಂತಾರೆ) ಸಭೆಗೆ ವಾರವೋ ಹತ್ತು ದಿನವೋ ಮುಂಚೆ ಕೂತು ಪಟ್ಟಿ ಮಾಡುತ್ತೆ. ಆ ಗಡುವು ತಪ್ಪಿದರೆ ಒಂದು ತಿಂಗಳು ಹೋಯ್ತು. ಆ ಸಮಿತಿಯ ಮುಂದೆ ನಾಲ್ಕು ದಾರಿ: ನೇರ ಕಾರ್ಯಸೂಚಿಗೆ ಹಾಕೋದು, ಸಂಬಂಧಪಟ್ಟ ಉಪಸಮಿತಿಗೆ ಕಳಿಸೋದು, ಅಧ್ಯಕ್ಷರ ವರದಿಯಲ್ಲಿ ಒಂದು ಸಾಲು ಮಾಡಿ ಮುಗಿಸೋದು, ಇಲ್ಲಾ "ಇದು ಸೆನೆಟ್‌ನ ವ್ಯಾಪ್ತಿ ಅಲ್ಲ" ಅಂತ ವಾಪಸ್ ಕಳಿಸೋದು. ನೀವು ಹೇಳಿದ ಮನವಿಗೆ ಆಗಿರೋದು ಮೂರನೆಯದು.

ಅಲ್ಲಿ ತಡೆದರೂ ಸಭೆಯಲ್ಲಿ "ಹೊಸ ವಿಷಯ" ಅನ್ನೋ ಹೊತ್ತಿಗೆ ಯಾವ ಸೆನೆಟರ್ ಬೇಕಾದರೂ ಎದ್ದು ಸೂಚಿಸಬಹುದು, ಬೈಲಾದಲ್ಲಿ ಮುಂಗಡ ನೋಟಿಸ್ ಕಡ್ಡಾಯ ಇಲ್ಲದಿದ್ದರೆ. ತೊಂದರೆ ಏನಪ್ಪ ಅಂದರೆ "ಹೊಸ ವಿಷಯ" ಬರೋದು ಕಟ್ಟಕಡೆಗೆ. 3 ಗಂಟೆಗೆ ಶುರುವಾದ ಸಭೆ ಅಲ್ಲಿಗೆ ತಲುಪೋವಾಗ ಪೌಣೇ ಐದು. ಅರ್ಧ ಜನ ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ಇರ್ತಾರೆ. 60 ಸದಸ್ಯರ ಸೆನೆಟ್‌ನಲ್ಲಿ ಬೈಲಾ ಬೇರೆ ಹೇಳದಿದ್ದರೆ ಕೋರಂ (ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿ) 31. ಒಬ್ಬರು ಕೈಯೆತ್ತಿ "ಕೋರಂ ಎಣಿಸಿ" ಅಂದರೆ, ಎಣಿಸಿದಾಗ 29 ಬಂದರೆ, ಅಲ್ಲಿಗೆ ನಿಂತಿತು. ಆಮೇಲೆ ಸಭೆ ಮುಂದೂಡಬಹುದು, ವಿರಾಮ ಕೊಡಬಹುದು, ಹೋದವರನ್ನು ಕರೆಸಬಹುದು, ಅಷ್ಟೇ. ಆ ಮೇಲೆ ಹಾಕಿದ ಮತ ನಿಲ್ಲಲ್ಲ.

ಕೋರಂ ಕೊರತೆ
ನನ್ನ ಹೆಸರಿನ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಧನ್ಯವಾದ.

ಪುತ್ತೂರು ಪತ್ರೊಡೆ
ಮಾರಾಯ್ರೆ, ಇದರಲ್ಲಿ ಇನ್ನೊಂದು ಗುಂಡಿ ಉಂಟು. "ಟೇಬಲ್" ಅನ್ನುವ ಪದ. ಊರಿನಿಂದ ಹೋದವರು ಇದರಲ್ಲಿ ಬೀಳದೆ ಇರುವುದಿಲ್ಲ. ನಮ್ಮಲ್ಲಿ ವಿಷಯವನ್ನು ಟೇಬಲ್ ಮಾಡುವುದು ಅಂದರೆ ಸಭೆಯ ಮುಂದೆ ಇಡುವುದು, ಬ್ರಿಟಿಷರ ಬಳಕೆ. ಅಮೆರಿಕದಲ್ಲಿ ಅದೇ ಮಾತಿಗೆ ಪಕ್ಕಕ್ಕೆ ಇಡುವುದು ಅಂತ ಅರ್ಥ. ಎದುರು ಪಕ್ಷದವರು "ಟೇಬಲ್ ಮಾಡೋಣ" ಅಂತ ಸೂಚಿಸುವಾಗ ಇವರು "ಆಯ್ತು, ಬರಲಿ ಚರ್ಚೆಗೆ" ಅಂತ ಕೈ ಎತ್ತಿದರೆ ಸ್ವಂತ ವಿಷಯವನ್ನು ತಾವೇ ಮುಗಿಸಿದ ಹಾಗೆ.

ಪಾಯಿಂಟ್ ಆಫ್ ಆರ್ಡರ್
@ಪುತ್ತೂರು ಪತ್ರೊಡೆ ಚಿಕ್ಕ ತಿದ್ದುಪಡಿ. ನಿಯಮದ ಪ್ರಕಾರ ಟೇಬಲ್ ಮಾಡೋದು ಕೊಲ್ಲೋದಲ್ಲ, ಬೇರೆ ತುರ್ತು ಬಂದಿದೆ ಅಂತ ತಾತ್ಕಾಲಿಕವಾಗಿ ಬದಿಗಿಡೋದು. ಅದಕ್ಕೆ ಚರ್ಚೆ ಇಲ್ಲ, ಸರಳ ಬಹುಮತ ಸಾಕು. ಅದಕ್ಕೇ ದುರುಪಯೋಗ ಜಾಸ್ತಿ. ನಿಜವಾಗಿ ಕೊಲ್ಲೋ ಸೂಚನೆ "ಅನಿರ್ದಿಷ್ಟವಾಗಿ ಮುಂದೂಡು". ಅದರ ಮೇಲೆ ಚರ್ಚೆ ಮಾಡಬಹುದು. ಹಾಗಾಗಿ ಯಾರಾದರೂ ಕೊಲ್ಲೋ ಉದ್ದೇಶದಿಂದ ಟೇಬಲ್ ಅಂದರೆ ತಕ್ಷಣ ಎದ್ದು "ಪಾಯಿಂಟ್ ಆಫ್ ಆರ್ಡರ್, ತುರ್ತು ಏನು?" ಅಂತ ಕೇಳಬೇಕು (ನಿಯಮ ಮೀರ್ತಿದೆ ಅನ್ನೋ ಆಕ್ಷೇಪ ಅದು). ಅಧ್ಯಕ್ಷರ ತೀರ್ಪು ಒಪ್ಪಿಗೆ ಆಗದಿದ್ದರೆ ಅದರ ವಿರುದ್ಧ ಸಭೆಗೇ ಮೇಲ್ಮನವಿ ಹೋಗಬಹುದು, ಒಬ್ಬರು ಅನುಮೋದಿಸಿದರೆ ಸಾಕು. ಮತ ಸಮಸಮ ಬಂದರೆ ಮಾತ್ರ ಅಧ್ಯಕ್ಷರ ಮಾತೇ ಉಳಿಯುತ್ತೆ.

ತುಂಗೆಯ ತಟ
ನಮ್ಮಲ್ಲಿ "ಟೇಬಲ್ ಐಟಂ" ಅಂತ ಇನ್ನೊಂದು ಪ್ರಾಣಿ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ? ಕಾರ್ಯಸೂಚಿಯಲ್ಲಿ ಇರಲ್ಲ, ಸಭೆಗೆ ಹೋಗಿ ಕೂತಾಗ ಕಾಫಿ ಲೋಟದ ಪಕ್ಕ ಬಿಸಿಬಿಸಿ ಜೆರಾಕ್ಸ್ ಇರುತ್ತೆ.

ಹಳೇ ಮೈಸೂರು
ಮತ್ತೆ ಅದೇ ಐಟಂ ಮೊದಲು ಪಾಸ್ ಆಗುತ್ತೆ ಕಣ್ರೀ.

ಕಡತಪ್ರಿಯ
ಮನವಿಯ ಭಾಷೆ ಬಗ್ಗೆ ಹೇಳ್ತೀನಿ, ಮುಕ್ಕಾಲು ಮನವಿಗಳು ಸೋಲೋದು ಅಲ್ಲೇ. ಈ ವಾಕ್ಯ ನೋಡಿ: "ವಿಲೀನದ ಪ್ರಸ್ತಾವವನ್ನು ಮರುಪರಿಶೀಲಿಸಬೇಕೆಂದು ಸೆನೆಟ್ಟನ್ನು ಕಳಕಳಿಯಿಂದ ಕೋರುತ್ತೇವೆ." ಇದರಲ್ಲಿ ಯಾರು ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನೋದೇ ಇಲ್ಲ. ಸೆನೆಟ್ ಇದನ್ನು ಓದಿ "ಕಳಕಳಿ ತಲುಪಿದೆ" ಅಂದರೆ ಕೆಲಸ ಆದಂತೆಯೇ ಲೆಕ್ಕ.

ಈಗ ಇದನ್ನು ನೋಡಿ: "ವಿಲೀನದಿಂದ ಯಾವ ಕೋರ್ಸುಗಳು, ಯಾವ ಪದವಿಗಳು ನಿಲ್ಲುತ್ತವೆ ಎಂಬುದರ ವರದಿಯನ್ನು ಪಠ್ಯಕ್ರಮ ಸಮಿತಿಯು ನವೆಂಬರ್ ಸಭೆಗೆ ಸಲ್ಲಿಸತಕ್ಕದ್ದು. ಆ ವರದಿಯ ಮೇಲೆ ಮತ ಆಗುವ ತನಕ ವಿಲೀನಕ್ಕೆ ಸೆನೆಟ್‌ನ ಸಮ್ಮತಿ ಇಲ್ಲವೆಂದು ಸೆನೆಟ್ ಅಧ್ಯಕ್ಷರು ಪ್ರೊವೋಸ್ಟರಿಗೆ ಲಿಖಿತವಾಗಿ ತಿಳಿಸತಕ್ಕದ್ದು." (ಪ್ರೊವೋಸ್ಟ್ ಅಂದರೆ ವಿಶ್ವವಿದ್ಯಾಲಯದ ಶೈಕ್ಷಣಿಕ ವ್ಯವಹಾರಗಳ ಮುಖ್ಯಸ್ಥರು.) ಇಲ್ಲಿ ಕೆಲಸ ಯಾರದು ಅಂತಿದೆ, ತಾರೀಖಿದೆ, ಮಾಡದಿದ್ದರೆ ಡಿಸೆಂಬರ್‌ನಲ್ಲಿ ಎದ್ದು ಕೇಳೋಕೆ ಹಿಡಿ ಇದೆ.

ಇನ್ನೊಂದು. ಮೇಲೆ ಎರಡು ಪುಟ "ಹೀಗಿರುವುದರಿಂದ, ಹಾಗಿರುವುದರಿಂದ" ಅಂತ ಪೀಠಿಕೆ ಬರೀಬೇಡಿ. ಪೀಠಿಕೆಯ ಒಂದು ವಿಶೇಷಣ ಹಿಡ್ಕೊಂಡು ಮುಕ್ಕಾಲು ಗಂಟೆ ಜಗಳ ಆಗುತ್ತೆ. ಮೊದಲು ನಿರ್ಣಯದ ಭಾಗ, ಕೊನೆಗೆ ಪೀಠಿಕೆ ಅಂತಲೇ ರಾಬರ್ಟ್ಸ್ ರೂಲ್ಸ್ ಹೇಳೋದು, ಆದರೆ ಅದನ್ನು ನೆನಪಿಸೋರು ಇರಲ್ಲ. ಎರಡು ಸಾಲು ಪೀಠಿಕೆ ಧಾರಾಳ ಆಯ್ತು.

ಸಹಿಸಂಗ್ರಹ
@ಕಡತಪ್ರಿಯ ಇದು ಬಹಳ ಉಪಯೋಗ ಆಯ್ತು. ಸಹಿಗಳ ವಿಷಯ? ಆನ್‌ಲೈನ್ ಫಾರಂನಲ್ಲಿ ತಗೊಂಡರೆ ನಡೆಯುತ್ತಾ?

ಕಡತಪ್ರಿಯ
ಸಹಿ ಎಷ್ಟು ಅನ್ನೋದಕ್ಕಿಂತ ಯಾರ ಸಹಿ ಅನ್ನೋದು ಮುಖ್ಯ. ಮತದ ಹಕ್ಕಿರೋ ಅಧ್ಯಾಪಕರ ಪಟ್ಟಿ ಸೆನೆಟ್ ಕಚೇರಿಯಲ್ಲಿ ಇರುತ್ತೆ, ಅದರ ಜೊತೆ ಒಂದೊಂದೇ ತಾಳೆ ನೋಡ್ತಾರೆ. ಅರೆಕಾಲಿಕ ಅಧ್ಯಾಪಕರು, ನಿವೃತ್ತರು, ಪೋಸ್ಟ್‌ಡಾಕ್‌ಗಳು, ಪಿಎಚ್‌ಡಿ ವಿದ್ಯಾರ್ಥಿಗಳು ಬಹಳ ಕಡೆ ಆ ಪಟ್ಟಿಯಲ್ಲಿ ಇರಲ್ಲ. ಒಬ್ಬರೇ ಎರಡು ಸಲ ಹಾಕಿರೋದೂ ಉದುರುತ್ತೆ. 140ರಲ್ಲಿ 30 ಉದುರಿ, ಬೇಕಾದ್ದು 120 ಆಗಿದ್ದರೆ ಮನವಿಯೇ ಬಿತ್ತು. ಬೇಕಾದ್ದಕ್ಕಿಂತ ಕಾಲು ಭಾಗ ಜಾಸ್ತಿ ಇಟ್ಟುಕೊಳ್ಳಿ.

ಆನ್‌ಲೈನ್ ಆದರೆ ವಿಶ್ವವಿದ್ಯಾಲಯದ ಲಾಗಿನ್ ಮೂಲಕ ತಗೊಳ್ಳಿ. ಯಾರು ಬೇಕಾದರೂ ಹೆಸರು ಟೈಪ್ ಮಾಡೋ ಬಹಿರಂಗ ಫಾರಂ ತೋರಿಸಿದರೆ ಮೊದಲ ಪ್ರಶ್ನೆಗೇ ಮುಗ್ಗರಿಸ್ತೀರಿ. ಹೆಸರು, ವಿಭಾಗ, ಹುದ್ದೆ, ತಾರೀಖು ಇವಿಷ್ಟು ಕಾಲಂ ಬೇಕು. ಕಾಗದದ ಮೇಲಾದರೆ ಪ್ರತಿ ಹಾಳೆಯ ತಲೆಯಲ್ಲೂ ಮನವಿಯ ಪೂರ್ತಿ ಪಠ್ಯ ಇರಲಿ. ಖಾಲಿ ಹಾಳೆಯ ಸಹಿಗಳನ್ನು "ಇದು ಯಾವುದಕ್ಕೆ ಹಾಕಿದ್ದೋ" ಅಂತ ತಳ್ಳಿಹಾಕೋದು ಸುಲಭ. ಸಹಿ ಶುರುವಾದ ಮೇಲೆ ಪಠ್ಯದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮೊದಲಿಂದ ಸಹಿ ತಗೋಬೇಕು.

ಬೇಸತ್ತ ಬೋಧಕ
ಇಷ್ಟೆಲ್ಲ ಸರ್ಕಸ್ ಮಾಡಿ ಸೆನೆಟ್ ಸರ್ವಾನುಮತದಿಂದ ಪಾಸ್ ಮಾಡಿದರೂ ಏನು ಸಿಗುತ್ತೆ ಹೇಳಿ? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಅಧ್ಯಾಪಕರು 797-100 ಮತದಿಂದ ವಿಶ್ವವಿದ್ಯಾಲಯದ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ಪಾಸ್ ಮಾಡಿದರು. ಕೆಲವೇ ದಿನಕ್ಕೆ ಆಡಳಿತ ಮಂಡಳಿ ಕೂತು 28 ಪದವಿ ಕಾರ್ಯಕ್ರಮ, 143 ಅಧ್ಯಾಪಕ ಹುದ್ದೆ ಕಡಿತ ಮಾಡಿತು. ಭಾಷಾ ವಿಭಾಗಕ್ಕೂ ದೊಡ್ಡ ಪೆಟ್ಟು ಬಿತ್ತು. 797 ಎಲ್ಲಿ ಹೋಯ್ತು?

ಮಿಡ್‌ವೆಸ್ಟ್ ಮಂಜು
@ಬೇಸತ್ತ ಬೋಧಕ ಅವಿಶ್ವಾಸ ಮತಕ್ಕೆ ಕಾನೂನಿನ ಬಲ ಎಲ್ಲೂ ಇಲ್ಲ, ಅದೊಂದು ಅಭಿಪ್ರಾಯ. ಅಧ್ಯಕ್ಷರನ್ನು ನೇಮಿಸೋದು, ತೆಗೆಯೋದು ಟ್ರಸ್ಟೀ ಮಂಡಳಿ. ಅಂದ ಮಾತ್ರಕ್ಕೆ ವ್ಯರ್ಥ ಅನ್ನೋದು ತಪ್ಪು. ಹಾರ್ವರ್ಡ್‌ನಲ್ಲಿ 2005ರ ಮಾರ್ಚ್‌ನಲ್ಲಿ ಸೆನೆಟ್ 218-185 ಮತದಿಂದ ಅಲ್ಲಿನ ಅಧ್ಯಕ್ಷ ಲಾರೆನ್ಸ್ ಸಮ್ಮರ್ಸ್ ಮೇಲೆ ಅವಿಶ್ವಾಸ ಹೇಳಿತು, 18 ಜನ ತಟಸ್ಥ. ಕಾಗದದ ಮೇಲೆ ಏನೂ ಬದಲಾಗಲಿಲ್ಲ. 2006ರ ಫೆಬ್ರವರಿಯಲ್ಲಿ ಅವರು ರಾಜೀನಾಮೆ ಘೋಷಿಸಿದರು.

ಪಾಯಿಂಟ್ ಆಫ್ ಆರ್ಡರ್
ಅದು ಸೆನೆಟ್ ಅಲ್ಲ ಮಂಜು. ಕಲೆ ಮತ್ತು ವಿಜ್ಞಾನ ನಿಕಾಯದ ಎಲ್ಲ ಅಧ್ಯಾಪಕರ ಸಭೆ. ಆ ಹೊತ್ತಿಗೆ ಹಾರ್ವರ್ಡ್‌ನಲ್ಲಿ ವಿಶ್ವವಿದ್ಯಾಲಯ ಮಟ್ಟದ ಸೆನೆಟ್ಟೇ ಇರಲಿಲ್ಲ.

ಮಿಡ್‌ವೆಸ್ಟ್ ಮಂಜು
ಒಪ್ಪಿದೆ, ತಿದ್ದಿಕೊಂಡೆ.

ಬರ್ಕ್ಲಿ ಬೆಟ್ಟ
ಎಲ್ಲರೂ "ಸೆನೆಟ್ ಕೇವಲ ಸಲಹಾ ಮಂಡಳಿ" ಅಂತ ಒಂದೇ ಹಗ್ಗದಲ್ಲಿ ಕಟ್ತಿದ್ದೀರಿ. ಹಾಗಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1919-20ರ ಅಧ್ಯಾಪಕರ ದಂಗೆಯ ನಂತರ ರೀಜೆಂಟರು (ಅಲ್ಲಿನ ಆಡಳಿತ ಮಂಡಳಿ) ಕೆಲವು ಅಧಿಕಾರಗಳನ್ನು ಸೆನೆಟ್‌ಗೆ ಬಿಟ್ಟುಕೊಟ್ಟರು. ಕೋರ್ಸು, ಪಠ್ಯಕ್ರಮ, ಪ್ರವೇಶ ಮತ್ತು ಪದವಿಯ ಷರತ್ತು ಅಲ್ಲಿ ಸೆನೆಟ್‌ನ ಕೈಯಲ್ಲಿ. ಪ್ರವೇಶ, ಪದವಿಯ ಷರತ್ತಿಗೆ ರೀಜೆಂಟರ ಒಪ್ಪಿಗೆ ಬೇಕು, ಅದು ಸರಿ. ಆದರೆ ಒಂದು ಕೋರ್ಸಿಗೆ ಸೆನೆಟ್ ಸಮಿತಿಯ ಮಂಜೂರಾತಿ ಇಲ್ಲದಿದ್ದರೆ ಡೀನ್ ಎಷ್ಟೇ ಕುಣಿದರೂ ಅದು ಪಟ್ಟಿಗೆ ಬರಲ್ಲ.

ಅದೇ ಬಜೆಟ್, ಕಟ್ಟಡ, ಹೂಡಿಕೆ ವಿಷಯಕ್ಕೆ ಬಂದರೆ ಸೆನೆಟ್ ಬರೀ ಸಲಹೆ ಹೇಳಬಹುದು. ಅಲ್ಲೂ ಒಂದು ವಿಧ್ಯುಕ್ತ ದಾರಿ ಇದೆ, ಅದಕ್ಕೆ ಮೆಮೋರಿಯಲ್ ಅಂತಾರೆ. ಹತ್ತೂ ಕ್ಯಾಂಪಸ್ಸಿನ ಸೆನೆಟ್ ಸದಸ್ಯರ ಮತಕ್ಕೆ ಹಾಕಿ, ಗೆದ್ದರೆ ವಿಶ್ವವಿದ್ಯಾಲಯದ ಅಧ್ಯಕ್ಷರ ಮೂಲಕ ರೀಜೆಂಟರಿಗೆ ಹೋಗೋ ಮನವಿ. 2019ರಲ್ಲಿ ಪಳೆಯುಳಿಕೆ ಇಂಧನ ಕಂಪನಿಗಳಿಂದ ಹೂಡಿಕೆ ವಾಪಸ್ ತೆಗೀರಿ ಅಂತ ಹೋದದ್ದು ಇದೇ ದಾರಿಯಲ್ಲಿ. ಅದೇ ವರ್ಷ ವಿಶ್ವವಿದ್ಯಾಲಯ ಹಾಗೆ ಮಾಡ್ತೀವಿ ಅಂತ ಪ್ರಕಟಿಸಿತು. ಮೆಮೋರಿಯಲ್ಲೇ ಕಾರಣ ಅಂತ ನಾನು ಹೇಳಲ್ಲ, ಅವರು ಕೊಟ್ಟ ಕಾರಣ ಆರ್ಥಿಕ ಅಪಾಯ.

@ಸಹಿಸಂಗ್ರಹ ಇದರಿಂದ ನಿಮಗೆ ಸಿಗೋ ಪಾಯಿಂಟ್ ಇಷ್ಟು. ವಿಲೀನವನ್ನು "ಆಡಳಿತಾತ್ಮಕ ಪುನರ್ರಚನೆ" ಅಂತ ಕರೆದರೆ ಅದು ಪ್ರೊವೋಸ್ಟರ ವಿಷಯ. "ಪದವಿಯ ಅವಶ್ಯಕತೆ ಬದಲಾಗುತ್ತೆ" ಅಂತ ತೋರಿಸಿದರೆ ಅದು ಪಠ್ಯಕ್ರಮ, ಸೆನೆಟ್ ವಿಷಯ. ಕಡತಪ್ರಿಯ ಬರೆದ ವಾಕ್ಯದಲ್ಲಿ "ಯಾವ ಪದವಿಗಳು ನಿಲ್ಲುತ್ತವೆ" ಅಂತ ಇರೋದು ಸುಮ್ಮನೆ ಅಲ್ಲ.

ಕಡತಪ್ರಿಯ
ಸಿಕ್ಕಿಬಿದ್ದೆ.

ಬೇಸತ್ತ ಬೋಧಕ
ಕ್ಯಾಲಿಫೋರ್ನಿಯಾ ಅಪವಾದ ಸ್ವಾಮಿ. ಈಗಿನ ಗಾಳಿ ನೋಡಿ. 2024ರ ಜೂನ್‌ನಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಟ್ರಸ್ಟಿಗಳು ಇದ್ದ ಸೆನೆಟ್ಟನ್ನೇ ಎತ್ತಿಹಾಕಿ ಸಲಹೆ ಕೊಡೋ ಹೊಸ ಮಂಡಳಿ ಮಾಡಿದರು. ಟೆಕ್ಸಸ್‌ನಲ್ಲಿ 2025ರ ಸೆನೆಟ್ ಬಿಲ್ 37 ಬಂತು. ಆಡಳಿತ ಮಂಡಳಿ ಬೇಕು ಅಂದರೆ ಮಾತ್ರ ಫ್ಯಾಕಲ್ಟಿ ಸೆನೆಟ್, ಸಾಮಾನ್ಯವಾಗಿ 60 ಜನಕ್ಕೆ ಮಿತಿ, ಪದಾಧಿಕಾರಿಗಳನ್ನು ನೇಮಿಸೋದು ವಿಶ್ವವಿದ್ಯಾಲಯದ ಅಧ್ಯಕ್ಷರು, ಕೆಲಸ ಬರೀ ಸಲಹೆ. ಅಲ್ಲಿ ಹೋಗಿ 1966ರ ಹೇಳಿಕೆ ಓದಿ ನೋಡೋಣ.

ತುಂಗೆಯ ತಟ
1966ರ ಹೇಳಿಕೆ ಯಾವುದು?

ಪಾಯಿಂಟ್ ಆಫ್ ಆರ್ಡರ್
ಅಮೆರಿಕದ ಪ್ರಾಧ್ಯಾಪಕರ ಸಂಘ ಎಎಯುಪಿ, ಕಾಲೇಜು ಅಧ್ಯಕ್ಷರ ಮತ್ತು ಆಡಳಿತ ಮಂಡಳಿಗಳ ಸಂಘಟನೆಗಳ ಜೊತೆ ಕೂತು ಮಾಡಿದ್ದು. ಪಠ್ಯಕ್ರಮ, ಬೋಧನೆ, ಸಂಶೋಧನೆ, ಅಧ್ಯಾಪಕರ ನೇಮಕ-ಬಡ್ತಿ ಇವುಗಳಲ್ಲಿ ಮೊದಲ ಹೊಣೆ ಅಧ್ಯಾಪಕರದ್ದು, ಅದನ್ನು ಮಂಡಳಿ ತಿರಸ್ಕರಿಸಬೇಕಾದರೆ ಅಪರೂಪದ ಸಂದರ್ಭ ಆಗಿರಬೇಕು, ಕಾರಣವನ್ನು ಅಧ್ಯಾಪಕರಿಗೆ ತಿಳಿಸಬೇಕು ಅನ್ನೋದು ಅದರ ತಿರುಳು. ಕಾನೂನಲ್ಲ. ಆದರೆ ಎಷ್ಟೋ ವಿಶ್ವವಿದ್ಯಾಲಯಗಳ ಅಧ್ಯಾಪಕರ ಕೈಪಿಡಿಯಲ್ಲಿ ಆ ಮಾತು ಹಾಗೇ ಬಂದು ಕೂತಿದೆ. ನಿಮ್ಮ ಕೈಪಿಡಿಯಲ್ಲಿದ್ದರೆ ಗೊತ್ತುವಳಿಗೆ ಒಂದು ಸಾಲು ಸೇರಿಸಿ: "ಸೆನೆಟ್‌ನ ತೀರ್ಮಾನವನ್ನು ಒಪ್ಪದಿದ್ದಲ್ಲಿ ಪ್ರೊವೋಸ್ಟರು ಕಾರಣಗಳನ್ನು 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ." ಸುಮ್ಮನಿದ್ದು ಮರೆಸೋ ದಾರಿ ಅಲ್ಲಿಗೆ ಮುಚ್ಚುತ್ತೆ.

ಹಾಗೇ ಒಂದು ವಿಚಿತ್ರ: 1980ರ ಯೆಶಿವಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಏನು ಹೇಳಿತು ಗೊತ್ತಾ? ಆ ಖಾಸಗಿ ವಿಶ್ವವಿದ್ಯಾಲಯದ ಅಧ್ಯಾಪಕರು ಪಠ್ಯಕ್ರಮ, ಪ್ರವೇಶ ಎಲ್ಲ ತಾವೇ ತೀರ್ಮಾನಿಸ್ತಾರೆ, ಹಾಗಾಗಿ ಅವರು ಮ್ಯಾನೇಜರುಗಳು, ಕಾರ್ಮಿಕ ಕಾನೂನಿನ ರಕ್ಷಣೆಯಲ್ಲಿ ಯೂನಿಯನ್ ಕಟ್ಟೋ ಹಕ್ಕಿಲ್ಲ ಅಂತ. ಅಧಿಕಾರ ಇದ್ದರೆ ಯೂನಿಯನ್ ಇಲ್ಲ, ಇಲ್ಲದಿದ್ದರೆ ಸೆನೆಟ್ ಇದ್ದೂ ಪ್ರಯೋಜನ ಇಲ್ಲ.

ಪುತ್ತೂರು ಪತ್ರೊಡೆ
ಅತ್ತ ದರಿ, ಇತ್ತ ಪುಲಿ.

ಧಾರವಾಡ ಫೇಡೆ
ನಮ್ಮ ಕರ್ನಾಟಕದಾಗ ಈ ತಲಿಬ್ಯಾನಿನೇ ಇಲ್ರೀ, ಸೆನೆಟ್ಟನ್ನೇ ತಗದು ಒಗದಾರ. 1976ರ ಕಾಯಿದೆಯೊಳಗ ಸೆನೆಟ್ ಇತ್ತು, ಸಿಂಡಿಕೇಟ್ ಇತ್ತು, ವಿದ್ಯಾವಿಷಯಕ ಪರಿಷತ್ತೂ ಇತ್ತು. 2000ದ ಕಾಯಿದೆ ಬಂದ ಮ್ಯಾಲೆ ಸೆನೆಟ್ ಹೋತು. ಸೆನೆಟ್ ಹಾಲ್ ಮಾತ್ರ ಉಳದದ.

ಹಳೇ ಮೈಸೂರು
ಮೈಸೂರಿನ ಮಾನಸಗಂಗೋತ್ರಿಯಲ್ಲೂ ಸೆನೆಟ್ ಭವನ ಇನ್ನೂ ಇದೆ. ಸೆನೆಟ್ ಇಲ್ಲ, ವಿಚಾರ ಸಂಕಿರಣ ನಡೆಯುತ್ತೆ.

ತುಂಗೆಯ ತಟ
ಮುಂಬೈ, ಕೇರಳ, ಮದ್ರಾಸ್ ಕಡೆ ಇನ್ನೂ ಸೆನೆಟ್ ಇದೆ. ಮುಂಬೈಯಲ್ಲಿ ನೋಂದಾಯಿತ ಪದವೀಧರರು 10 ಸೀಟಿಗೆ 2024ರ ಸೆಪ್ಟೆಂಬರ್‌ನಲ್ಲಿ ಮತ ಹಾಕಿದರು. ಆದರೆ ಅದು ಅಮೆರಿಕದ ಥರ ಅಧ್ಯಾಪಕರ ಸೆನೆಟ್ ಅಲ್ಲ, ಪದವೀಧರರು, ಪ್ರಾಂಶುಪಾಲರು, ಆಡಳಿತ ಮಂಡಳಿಯವರು, ವಿದ್ಯಾರ್ಥಿಗಳು ಎಲ್ಲ ಇರೋ ಸಂತೆ. ಹೆಸರು ಒಂದೇ ಅಂತ ಹೋಲಿಸೋಕೆ ಹೋಗಬೇಡಿ.

ಸಿಂಡಿಕೇಟ್ ಸಾಕ್ಷಿ
ಹೋಲಿಸಬೇಕಾದ್ದು ನಮ್ಮ ವಿದ್ಯಾವಿಷಯಕ ಪರಿಷತ್ತಿನ ಜೊತೆ. ಮುಖ್ಯ ವ್ಯತ್ಯಾಸ ಒಂದೇ. ಅಮೆರಿಕದಲ್ಲಿ ಬಹುತೇಕ ಸೆನೆಟ್‌ಗಳಿಗೆ ಅಧ್ಯಾಪಕರೇ ಆರಿಸಿದ ಅಧ್ಯಾಪಕ ಅಧ್ಯಕ್ಷರು. ನಮ್ಮಲ್ಲಿ ವಿದ್ಯಾವಿಷಯಕ ಪರಿಷತ್ತಿಗೂ ಕುಲಪತಿಗಳೇ ಅಧ್ಯಕ್ಷರು, ಸಿಂಡಿಕೇಟಿಗೂ ಅವರೇ. ಕಾರ್ಯಸೂಚಿ ಕುಲಸಚಿವರ ಕಚೇರಿಯಲ್ಲಿ ತಯಾರಾಗುತ್ತೆ. ಅಂದಮೇಲೆ ಮನವಿಯ ಹಣೆಬರಹ ಸಭೆಯಲ್ಲಿ ತೀರ್ಮಾನ ಆಗಲ್ಲ, ಕಡತದ ಟಿಪ್ಪಣಿ ಹಾಳೆಯಲ್ಲಿ ಆಗುತ್ತೆ. ವಿಷಯ ನಿರ್ವಾಹಕರು "ಪರಿಷತ್ತಿನ ಮುಂದೆ ಮಂಡಿಸಬಹುದು" ಅಂತ ಬರೆದರೋ, "ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ" ಅಂತ ಬರೆದರೋ, ಮೇಲಿನವರು ಸಾಮಾನ್ಯವಾಗಿ ಅದರ ಕೆಳಗೆ ರುಜು ಹಾಕ್ತಾರೆ.

ಹಾಗಾಗಿ ನಮ್ಮಲ್ಲಿ ಮೂರು ಕೆಲಸ ತಪ್ಪಬಾರದು. ಮನವಿಯನ್ನು ಕೈಯಲ್ಲಿ ಕೊಟ್ಟು ನಮಸ್ಕಾರ ಹೇಳಿ ಬರಬೇಡಿ, ಬಂದ ಪತ್ರ ದಾಖಲಿಸೋ ಆವಕ ವಿಭಾಗದಲ್ಲಿ ಸಂಖ್ಯೆ, ತಾರೀಖು, ಮುದ್ರೆ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಪಠ್ಯಕ್ರಮದ ವಿಷಯ ಆದರೆ ನೇರ ಪರಿಷತ್ತಿಗೆ ಕೊಡಬೇಡಿ. ಅಧ್ಯಯನ ಮಂಡಳಿ, ನಿಕಾಯ, ಆಮೇಲೆ ಪರಿಷತ್ತು ಅನ್ನೋ ಮೆಟ್ಟಿಲು ಹತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ವಾಪಸ್ ಬರುತ್ತೆ. ಮೂರನೆಯದು, ಮುಂದಿನ ಸಭೆಯ ಅನುಪಾಲನಾ ವರದಿ (ಹಿಂದಿನ ತೀರ್ಮಾನಗಳ ಮೇಲೆ ಏನು ಮಾಡಿದರು ಅನ್ನೋದು) ಓದಿ. "ಕ್ರಮ ಕೈಗೊಳ್ಳಲಾಗುತ್ತಿದೆ" ಅಂತ ಮೂರು ಸಭೆ ದಾಟಿದರೆ ಯಾವ ಕ್ರಮವೂ ಇಲ್ಲ ಅಂತ ತಿಳಿದುಕೊಳ್ಳಿ.

ಹಳೇ ಮೈಸೂರು
ಜೊತೆಗೆ ಘಟನೋತ್ತರ ಅನುಮೋದನೆ. ತುರ್ತು ಅಂತ ಕುಲಪತಿಗಳು ಆದೇಶ ಮಾಡಿಬಿಡೋದು, ಆಮೇಲೆ ಪರಿಷತ್ತಿಗೆ ತಂದು ಒಪ್ಪಿಗೆ ಪಡೆಯೋದು. ಆಗಿಹೋದ ಮದುವೆಗೆ ಹೆಣ್ಣು ನೋಡೋ ಶಾಸ್ತ್ರ.

ಸಿಂಡಿಕೇಟ್ ಸಾಕ್ಷಿ
ನಡಾವಳಿ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. "ನನ್ನ ಮನವಿ ಏನಾಯ್ತು" ಅಂತ ಕೇಳಬೇಡಿ, ಅದಕ್ಕೆ "ಪರಿಶೀಲನೆಯಲ್ಲಿದೆ" ಅಂತ ಬರುತ್ತೆ. "ಆವಕ ಸಂಖ್ಯೆ ಇಂಥದ್ದರ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿ.

ವಿದ್ಯಾರ್ಥಿ ಮಿತ್ರ
ಎಲ್ಲರೂ ಅಧ್ಯಾಪಕರ ಮನವಿ ಹಿಡಿದು ಕೂತಿದ್ದೀರಿ. ವಿದ್ಯಾರ್ಥಿಗಳ ಮನವಿಯೂ ಸೆನೆಟ್ ಸಮಿತಿಗೇ ಬರುತ್ತಲ್ಲ? ಗ್ರೇಡ್ ತಿದ್ದಿ ಅಂತ, ಗಡುವು ಮುಗಿದ ಮೇಲೆ ಕೋರ್ಸ್ ಬಿಡ್ತೀನಿ ಅಂತ. ಊರಿಂದ ಎಂಎಸ್‌ಗೆ ಹೋದ ಹುಡುಗರು ಇದರಲ್ಲಿ ಒದ್ದಾಡ್ತಾರೆ.

ಮಿಡ್‌ವೆಸ್ಟ್ ಮಂಜು
ಅದು ಪೂರ್ತಿ ಬೇರೆ ಹಳಿ. ಅಲ್ಲಿ ಇಡೀ ಸೆನೆಟ್ ಕೂರಲ್ಲ, ಚಿಕ್ಕ ಸಮಿತಿ ಮುಚ್ಚಿದ ಬಾಗಿಲಲ್ಲಿ ನೋಡುತ್ತೆ. ವಿದ್ಯಾರ್ಥಿಯ ದಾಖಲೆ ಗುಪ್ತವಾಗಿಡಬೇಕು ಅನ್ನೋ 1974ರ ಫೆರ್ಪಾ ಕಾನೂನು ಇರೋದರಿಂದ ಹೆಸರು ಹೊರಗೆ ಬರೋ ಹಾಗಿಲ್ಲ, ನಡಾವಳಿಯಲ್ಲಿ ಬರೀ ಪ್ರಕರಣ ಸಂಖ್ಯೆ ಇರುತ್ತೆ.

ಗ್ರೇಡ್ ಮೇಲ್ಮನವಿಯಲ್ಲಿ "ಪರೀಕ್ಷೆ ಕಷ್ಟ ಇತ್ತು", "ನಾನು ಇನ್ನೂ ಚೆನ್ನಾಗಿ ಬರೆದಿದ್ದೆ" ಇವೆಲ್ಲ ನಡೆಯಲ್ಲ. ಸಮಿತಿ ಉತ್ತರ ಪತ್ರಿಕೆಯನ್ನು ಮತ್ತೆ ತಿದ್ದಲ್ಲ. ಸಿಲಬಸ್‌ನಲ್ಲಿ ಹೇಳಿದ ತೂಕ ಒಂದು, ಲೆಕ್ಕ ಹಾಕಿದ್ದು ಇನ್ನೊಂದು, ಅಥವಾ ಇವನಿಗೆ ಒಂದು ಅಳತೆ, ಪಕ್ಕದವನಿಗೆ ಒಂದು ಅಳತೆ ಅಂತ ತೋರಿಸಬೇಕು. ಸಿಲಬಸ್ ಪ್ರತಿ, ಅಂಕಪಟ್ಟಿಯ ಸ್ಕ್ರೀನ್‌ಶಾಟ್, ಪ್ರಾಧ್ಯಾಪಕರ ಜೊತೆಗಿನ ಇಮೇಲು ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೇಲೆ ಒಂದು ಪುಟದ ಪತ್ರ. ಮೊದಲು ಪ್ರಾಧ್ಯಾಪಕರು, ಆಮೇಲೆ ವಿಭಾಗದ ಮುಖ್ಯಸ್ಥರು, ಆಮೇಲೆ ಡೀನ್. ಒಂದು ಮೆಟ್ಟಿಲು ಹಾರಿದರೂ ವಾಪಸ್.

ತಡವಾಗಿ ಕೋರ್ಸ್ ಬಿಡೋದಾದರೆ ವೈದ್ಯರ ಪತ್ರದಲ್ಲಿರೋ ತಾರೀಖು ಸೆಮಿಸ್ಟರಿನ ತೊಂದರೆಯ ವಾರಗಳಿಗೆ ತಾಳೆ ಆಗಬೇಕು. ಒಂದೇ ಕೋರ್ಸ್ ಬಿಟ್ಟು ಉಳಿದ ಮೂರರಲ್ಲಿ ಎ ಇದ್ದರೆ "ಕಾಯಿಲೆ ಈ ಒಂದೇ ಕೋರ್ಸಿಗೆ ಹೇಗೆ ಬಂತು?" ಅಂತ ಕೇಳೇ ಕೇಳ್ತಾರೆ, ಉತ್ತರ ಮೊದಲೇ ಬರೆದಿಡಿ. ಎಫ್-1 ವಿದ್ಯಾರ್ಥಿ ವೀಸಾದವರು ಕೋರ್ಸ್ ಬಿಡೋಕೆ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಲೇಬೇಕು. ಸಮಿತಿ ಒಪ್ಪಿದರೂ ಪೂರ್ಣಾವಧಿ ಕ್ರೆಡಿಟ್ ಕಡಿಮೆ ಆದರೆ ವೀಸಾ ಕಷ್ಟಕ್ಕೆ ಸಿಕ್ಕುತ್ತೆ.

ಕೋರಂ ಕೊರತೆ
ಮತ ಎಣಿಕೆ ಬಗ್ಗೆ ಒಂದು ಒಗಟು. 48 ಜನ ಹಾಜರು. ಪರ 21, ವಿರುದ್ಧ 19, ತಟಸ್ಥ 8. ಪಾಸಾ, ಫೇಲಾ?

ತುಂಗೆಯ ತಟ
ಫೇಲ್. ಅರ್ಧಕ್ಕಿಂತ ಕಡಿಮೆ.

ಪಾಯಿಂಟ್ ಆಫ್ ಆರ್ಡರ್
ಪಾಸ್. ರಾಬರ್ಟ್ಸ್ ರೂಲ್ಸ್‌ನಲ್ಲಿ ಬಹುಮತ ಅಂದರೆ ಚಲಾಯಿಸಿದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು, ತಟಸ್ಥರು ಲೆಕ್ಕಕ್ಕಿಲ್ಲ. 40ರಲ್ಲಿ 21. ಆದರೆ ಬೈಲಾದಲ್ಲಿ "ಹಾಜರಿರುವ ಸದಸ್ಯರ ಬಹುಮತ" ಅಂತಿದ್ದರೆ 25 ಬೇಕು, ಆಗ ಫೇಲ್. ಅಂಥ ಕಡೆ ತಟಸ್ಥ ಇರೋದೂ ವಿರುದ್ಧ ಮತವೇ. ಎರಡು ಪದದ ವ್ಯತ್ಯಾಸ, ಆದರೆ ಸಭೆಗೆ ಮುಂಚೆ ನೋಡಿಕೊಂಡಿರಬೇಕು. ಸೋತರೆ, ಗೆದ್ದ ಕಡೆ ಮತ ಹಾಕಿದವರು ಮಾತ್ರ ಮರುಪರಿಶೀಲನೆ ಸೂಚಿಸಬಹುದು, ಅದೂ ಅದೇ ಸಭೆಯಲ್ಲಿ.

ಸಹಿಸಂಗ್ರಹ
ಎಲ್ಲರಿಗೂ ಧನ್ಯವಾದ. ಹಾಗಾದರೆ ಇದೇ ಏಪ್ರಿಲ್ ಕೊನೆಯ ಸಭೆಗೆ ಒಬ್ಬ ಸೆನೆಟರ್ ಕೈಯಲ್ಲಿ ಗೊತ್ತುವಳಿ ತರಿಸಿದರೆ ಹೇಗೆ? ಪಠ್ಯ ಹೀಗೆ ಅಂದುಕೊಂಡಿದ್ದೀನಿ: "ಪಠ್ಯಕ್ರಮ ಸಮಿತಿಯು ವಿಲೀನದ ಪರಿಣಾಮಗಳನ್ನು ಪರಿಗಣಿಸಬಹುದು."

ಕಡತಪ್ರಿಯ
"ಬಹುದು" ತೆಗೆದು "ತಕ್ಕದ್ದು" ಹಾಕಿ. "ಪರಿಗಣಿಸಿ" ತೆಗೆದು "ವರದಿ ಸಲ್ಲಿಸಿ" ಹಾಕಿ. "ಪರಿಣಾಮಗಳು" ಅನ್ನೋದನ್ನು ಕೋರ್ಸು, ಪದವಿ ಅಂತ ಬಿಡಿಸಿ.

ಪಾಯಿಂಟ್ ಆಫ್ ಆರ್ಡರ್
ಏಪ್ರಿಲ್ ಕೊನೆಯ ಸಭೆ ಅಪಾಯ. ಚರ್ಚೆ ಅರ್ಧಕ್ಕೆ ನಿಂತರೆ ಮುಂದಿನ ಸಭೆ ಸೆಪ್ಟೆಂಬರ್. ನಡುವೆ ಮೂರು ತಿಂಗಳಿಗಿಂತ ಜಾಸ್ತಿ ಅಂತರ ಬಿದ್ದರೆ ಬಾಕಿ ವಿಷಯ ತಾನಾಗೇ ಬಿದ್ದುಹೋಗುತ್ತೆ, ಮತ್ತೆ ಮೊದಲಿಂದ ಸೂಚನೆ, ಅನುಮೋದನೆ. ಆದರೆ ಸಮಿತಿಗೆ ಒಪ್ಪಿಸಿದ್ದು ಬೀಳಲ್ಲ. ಹಾಗಾಗಿ ಹೊತ್ತು ಮೀರ್ತಿದೆ ಅನ್ನಿಸಿದರೆ ನಿಮ್ಮ ಸೆನೆಟರೇ ಎದ್ದು "ಪಠ್ಯಕ್ರಮ ಸಮಿತಿಗೆ ಒಪ್ಪಿಸಿ, ಸೆಪ್ಟೆಂಬರ್ ಸಭೆಗೆ ವರದಿ ಕೊಡಲಿ" ಅಂತ ಸೂಚಿಸಲಿ. ತಾರೀಖು ಹೇಳೋದು ಮರೀಬಾರದು. ಮತ್ತೆ ಅನುಮೋದಿಸೋರು ಬೇರೆ ಕಾಲೇಜಿನವರಾಗಿರಲಿ, ಎಂಜಿನಿಯರಿಂಗ್‌ನವರು ಸಿಕ್ಕಿದರೆ ಇನ್ನೂ ಒಳ್ಳೇದು.

ಧಾರವಾಡ ಫೇಡೆ
ಮತ್ತ ಆ ಅನುಮೋದಕರಿಗೆ ಐದು ಗಂಟೆ ತನಕ ಕುಂದ್ರಾಕ ಹೇಳ್ರಿ.